ಡೀಸೆಲ್ ಗಾಡಿಯ ರೊಟ್ಟಿ

ಗೋವೆಯ ಉಸಗಾಂವದ ಏರಿನಲ್ಲಿ ಗಾಡಿ ನಿಂತಾಗ ಹಿಂದೆ ಒಂದು ಟಿಪ್ಪರ್, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಎಷ್ಟು ಜನವೋ ನನಗೆ ಗೊತ್ತಿಲ್ಲ, ಎಲ್ಲರೂ ಹಾರ್ನ್ ಒತ್ತುತ್ತಿದ್ದರು. ಗಾಡಿಯೊಳಗೆ ಜೋಳದ ರೊಟ್ಟಿಯ ದೊಡ್ಡ ಬುಟ್ಟಿ, ಎಣಗಾಯಿಯ ಪಾತೇಲಿ, ಮೊಸರಿನ ಕ್ಯಾನು. ಏರಿನ ತುದಿಯಲ್ಲಿ ಫ್ಯಾಕ್ಟರಿಯ ಶೆಡ್ಡು ಕಟ್ಟುತ್ತಿದ್ದ ನಮ್ಮ ಕಡೆಯ ಜನ, ವಿಜಯಪುರ ಬಾಗಲಕೋಟೆ ಕಡೆಯವರು, ಕೈಕಾಲು ತೊಳೆದುಕೊಂಡು ನನ್ನ ದಾರಿ ಕಾಯುತ್ತಿದ್ದರು. ನಾನು ಕೀಲಿ ತಿರುಗಿಸುತ್ತಲೇ ಇದ್ದೆ. ಎಂಜಿನ್ ಕೆಮ್ಮುವುದು, ಸುಮ್ಮನಾಗುವುದು.

ಕೊನೆಗೆ ಅವರೇ ಇಳಿದು ಬಂದರು. ಹಸಿದ ಹೊಟ್ಟೆಯಲ್ಲಿ, ಸಿಮೆಂಟು ಮೆತ್ತಿದ ಅಂಗಿಯಲ್ಲಿ, ತಮ್ಮ ಊಟವನ್ನು ತಾವೇ ತಳ್ಳಿಕೊಂಡು ಏರು ಹತ್ತಿಸಿದರು. ನಾನು ಸ್ಟಿಯರಿಂಗ್ ಹಿಡಿದು ಮಹಾರಾಣಿಯ ಹಾಗೆ ಒಳಗೆ ಕುಳಿತಿದ್ದೆ. ಕನ್ನಡಿಯಲ್ಲಿ ಅವರ ಬಗ್ಗಿದ ತಲೆಗಳು ಕಾಣುತ್ತಿದ್ದವು. ಆಮೇಲೆ ಬಡಿಸುವಾಗ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದ್ದೀತು ಎಂದು ಅವತ್ತು ಅಂದುಕೊಂಡಿದ್ದೆ. ಎಷ್ಟು ಕಡಿಮೆ ತಿಳಿದುಕೊಂಡಿದ್ದೆ!

ಆ ಗಾಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೆಯ ಡೀಸೆಲ್ ಕಾರು. ಹಿಂದೆ ದೊಡ್ಡ ಡಿಕ್ಕಿ. ಧಾರವಾಡದ ಕಡೆಯ ಒಬ್ಬ ಆಫೀಸರು ಪಣಜಿಯಿಂದ ವರ್ಗವಾಗಿ ಹೋಗುವಾಗ ನಮಗೆ ಕೊಟ್ಟು ಹೋದದ್ದು. ಕಂಪನಿಯವರು ಆ ಮಾದರಿಯನ್ನು ಮಾಡುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ನಮ್ಮ ಮನೆಯವರು ವಾಸ್ಕೋದ ಬಂದರಿನಲ್ಲಿ ಕೆಲಸಕ್ಕಿದ್ದು ರಜೆಗೆ ಮಾತ್ರ ಮನೆಗೆ ಬರುತ್ತಾರೆ, ಹಾಗಾಗಿ ಗಾಡಿ ಓಡಿಸುವುದೂ ನನ್ನದೇ, ಅದರ ಸೇವೆಯೂ ನನ್ನದೇ. ಖಾನಾವಳಿ ಶುರುವಾದಾಗ ಬುಟ್ಟಿ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನ ಗಾದಿ ಕಿತ್ತು ಅಟ್ಟಕ್ಕೆ ಎಸೆದು, ಬುಟ್ಟಿಯನ್ನು ನೇರವಾಗಿ ಗಾಡಿಯ ನೆಲದ ಮೇಲೆ ಇಟ್ಟೆ. ಅಳತೆ ತೆಗೆದು ಮಾಡಿಸಿದ ಹಾಗೆ ಕುಳಿತಿತು. ಈ ಬುದ್ಧಿವಂತಿಕೆಯನ್ನು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಊಟ ಮಧ್ಯಾಹ್ನದ ಬಿಡುವಿಗೆ ಸರಿಯಾಗಿ ಮುಟ್ಟಬೇಕು, ಇಷ್ಟೇ ಕಾಂಟ್ರ್ಯಾಕ್ಟರನ ಷರತ್ತು. ತಪ್ಪಿದರೆ ಮೊದಲಿದ್ದ ಕ್ಯಾಂಟೀನಿನವನಿಗೇ ಮತ್ತೆ ಹೇಳುತ್ತೇನೆ ಎಂದಿದ್ದ. ಆ ಕ್ಯಾಂಟೀನಿನವನು ಕೊಡುತ್ತಿದ್ದುದು ಅನ್ನ, ಮೇಲೆ ನೀರಿನಂಥ ಸಾರು. ಇಟ್ಟಿಗೆ ಹೊರುವ ಜನಕ್ಕೆ ಅದು ಎಲ್ಲಿ ತಡೆಯುತ್ತದೆ? ಗಾಡಿ ನಿಂತರೆ ನನ್ನ ಖಾನಾವಳಿಯೂ ನಿಂತಂತೆ, ಅವರ ರೊಟ್ಟಿಯೂ ನಿಂತಂತೆ.

ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜ್ ಇಟ್ಟಿರುವ ಮಿಸ್ತ್ರಿ ಬೆಳಗಾವಿಯವನು, ನಮ್ಮ ಮನೆಯವರ ಗೆಳೆಯ. ಅತ್ತಿಗೆ ಎಂಬ ಸಲಿಗೆಯಲ್ಲಿ ನನಗೆ ವೈನಿ ಎನ್ನುತ್ತಾನೆ. ಬಾನೆಟ್ ಎತ್ತಿ, ಫಿಲ್ಟರ್ ಮೇಲಿನ ಕೈಪಂಪನ್ನು ಒತ್ತಿ ಬಿಟ್ಟ. ಪಂಪು ಮೇಲೆ ಏಳಲಿಲ್ಲ, ಹೀರಿಕೊಂಡು ಚಪ್ಪಟೆಯಾಗಿಯೇ ಉಳಿಯಿತು.

"ನೋಡ್ರಿ ವೈನಿ, ಇದು ಫಿಲ್ಟರ್ ತಪ್ಪಲ್ಲ. ಹಿಂದಿನಿಂದ ಡೀಸೆಲ್ ಬರವಲ್ದು. ಟ್ಯಾಂಕಿನ್ಯಾಗ ಏನೋ ಅಡ್ಡ ಬಂದೈತಿ."

ಪೈಪು ಬಿಚ್ಚಿ ಟ್ಯಾಂಕಿನ ಕಡೆಗೆ ಗಾಳಿ ಹೊಡೆದ. ಗುಳುಗುಳು ಸದ್ದಾಯಿತು, ಗಾಡಿ ಜಿಂಕೆಯ ಹಾಗೆ ಓಡಿತು. ಮರುದಿನ ಅದೇ ಏರಿನಲ್ಲಿ ಮತ್ತೆ ಕೆಮ್ಮಿತು. ಈ ಸಲ ನಿಲ್ಲಿಸಿ ನಿಲ್ಲಿಸಿ ಹೇಗೋ ಸೈಟು ಮುಟ್ಟಿದೆ. ಸಪಾಟು ರಸ್ತೆಯಲ್ಲಿ ಏನೂ ತೊಂದರೆಯಿಲ್ಲ, ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಕೇಳಿದಾಗ ಉಸಿರುಗಟ್ಟುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನಾಗಿಯೇ ಸರಿಹೋಗುತ್ತದೆ. ಒಳಗಿನ ಕಸ ಡೀಸೆಲ್ ಸೋಸುವ ಜಾಳಿಗೆ ಅಂಟುತ್ತದೆ, ನಿಂತಾಗ ಬಿಡುತ್ತದೆ ಎಂದ ಮಿಸ್ತ್ರಿ. ಟ್ಯಾಂಕ್ ತೆರೆಯದೆ ಗತಿಯಿರಲಿಲ್ಲ.

ಈ ಕಾರಿನಲ್ಲಿ ಟ್ಯಾಂಕಿನ ಬಾಯಿ ಇರುವುದು ಹಿಂದಿನ ಸೀಟಿನ ಕೆಳಗೆ. ಅಂದರೆ ನನ್ನ ಬುಟ್ಟಿಯ ಕೆಳಗೆ. ಸಣ್ಣ ತಗಡಿನ ಮುಚ್ಚಳ ತೆಗೆದರೆ ಒಳಗೆ ದೊಡ್ಡದೊಂದು ಪ್ಲಾಸ್ಟಿಕ್ ಬಿಲ್ಲೆ, ಅದರಡಿಯಲ್ಲಿ ಡೀಸೆಲ್ ಎಷ್ಟಿದೆ ಎಂದು ತೋರಿಸುವ ಫ್ಲೋಟು, ಡೀಸೆಲ್ ಹೀರುವ ಪೈಪು, ಪೈಪಿನ ತುದಿಗೆ ಜಾಳಿ. ಬಿಲ್ಲೆಗೂ ಟ್ಯಾಂಕಿಗೂ ನಡುವೆ ಒಂದು ರಬ್ಬರ್ ಪ್ಯಾಕಿಂಗ್, ಬಳೆಯ ಹಾಗೆ ದುಂಡಗೆ. ಮಿಸ್ತ್ರಿ ಮರದ ತುಂಡು ಇಟ್ಟು ಮೆಲ್ಲಗೆ ಬಡಿದು ಬಿಲ್ಲೆ ತಿರುಗಿಸಿದ. ಜಾಳಿಯ ತುಂಬ ಕಪ್ಪು ಲೋಳೆ. ಮಳೆಗಾಲದಲ್ಲಿ ಎಲ್ಲಿಂದಲೋ ನೀರು ಸೇರಿ ಡೀಸೆಲಿನಲ್ಲಿ ಪಾಚಿ ಕಟ್ಟಿತ್ತು. ಇಬ್ಬರೂ ಸೇರಿ ಟ್ಯಾಂಕ್ ಬಸಿದೆವು, ಹಳೆಯ ಹತ್ತಿ ಪಂಚೆಯಿಂದ ಒಳಗೆಲ್ಲ ಒರೆಸಿದೆವು, ಜಾಳಿಯನ್ನು ಬ್ರಶ್ಶಿನಿಂದ ಉಜ್ಜಿ ತೊಳೆದೆವು. ಮೊಣಕೈವರೆಗೆ ಡೀಸೆಲ್. ಸಾಬೂನು ಹಚ್ಚಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನನಗೇನೂ ಬೇಸರವಿರಲಿಲ್ಲ, ರೋಗ ಸಿಕ್ಕಿತಲ್ಲ ಎಂಬ ಖುಷಿ.

ತೊಂದರೆ ಆದದ್ದು ಮುಚ್ಚುವಾಗ. ಅಷ್ಟು ವರ್ಷ ಅದುಮಿಕೊಂಡಿದ್ದ ಪ್ಯಾಕಿಂಗ್ ಹೊರಗೆ ಬಂದದ್ದೇ ಹಿಗ್ಗಿಬಿಟ್ಟಿತ್ತು. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಏಳುತ್ತದೆ. ಬಿಸಿಲಿಗೆ ಇಟ್ಟೆವು, ಎಳೆದೆವು, ಒತ್ತಿದೆವು. ಬಲವಂತದಿಂದ ಕೂರಿಸಲು ಹೋದಾಗ ಪಟ್ಟನೆ ಹರಿಯಿತು.

"ಹೊಸಾದು ತರಬೇಕ್ರಿ," ಎಂದ ಮಿಸ್ತ್ರಿ. ಆಮೇಲೆ ತಲೆ ಕೆರೆದುಕೊಂಡ. "ಸಿಕ್ಕರ."

ಅದು ಚವತಿಯ ಹಿಂದಿನ ವಾರ. ಗೋವೆಯಲ್ಲಿ ಚವತಿ ಬಂತೆಂದರೆ ಅಂಗಡಿಯವನೂ ಮನೆಗೆ, ಮಿಸ್ತ್ರಿಯೂ ಮನೆಗೆ, ಬಸ್ಸಿನವನೂ ಮನೆಗೆ. ಗಣಪತಿ ನೀರಿಗೆ ಹೋಗುವವರೆಗೆ ಯಾರನ್ನೂ ಏನನ್ನೂ ಕೇಳುವ ಹಾಗಿಲ್ಲ. ಆದರೆ ಸೈಟಿಗೆ ರಜೆಯಿರಲಿಲ್ಲ. ನಮ್ಮ ಜನ ಹಬ್ಬಕ್ಕೆ ಊರಿಗೆ ಹೋಗುವವರಲ್ಲ, ಹಬ್ಬದ ದಿನವೂ ಕಾಂಕ್ರೀಟ್ ಹಾಕುವವರು. ಬಿಲ್ಲೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿ, ಟ್ಯಾಂಕಿನಲ್ಲಿ ತಳಮಟ್ಟಕ್ಕೆ ಮಾತ್ರ ಡೀಸೆಲ್ ಇಟ್ಟುಕೊಂಡು ಹೇಗೋ ಊಟ ಮುಟ್ಟಿಸುತ್ತ, ಉಳಿದ ಹೊತ್ತಿನಲ್ಲಿ ಪ್ಯಾಕಿಂಗ್ ಹುಡುಕಲು ಹೊರಟೆ.

ಪಣಜಿಯಲ್ಲಿ ಹಳೆಯ ಗಾಡಿಗಳ ಸಾಮಾನು ಇಡುವ ಒಂದು ಅಂಗಡಿಯಿದೆ. ಹರಿದ ಪ್ಯಾಕಿಂಗನ್ನು ಗಲ್ಲೆಯ ಮೇಲೆ ಇಟ್ಟೆ. ಅಂಗಡಿಯವನು ಮೂಗಿಗೆ ಹಿಡಿದು ನೋಡಿ, ಗಾಡಿಯ ಹೆಸರು ಕೇಳಿ ನಕ್ಕ.

"ನಾ ಗೋ ಬಾಯ್, ತೆಂ ಆತಾಂ ಮೆಳನಾ," ಎಂದ. ಅದು ಈಗ ಸಿಗುವುದಿಲ್ಲ ಎಂದು, ಕೊಂಕಣಿಯಲ್ಲಿ. ಬೇರೆ ಊರಿನ ವ್ಯಾಪಾರಿಯನ್ನು ಕೇಳಿ ನೋಡುತ್ತೇನೆ, ಬಂದರೆ ಚವತಿ ಆದಮೇಲೆ ಬರಬಹುದು ಎಂದು ನನ್ನ ಫೋನ್ ನಂಬರು ಬರೆದುಕೊಂಡ.

ಮರುದಿನ ಮಡಗಾಂವಿನ ಗುಜರಿಗೆ ಹೋದೆ. ಅಪಘಾತವಾದ ಗಾಡಿಗಳು ಒಂದರ ಮೇಲೊಂದು ಕುಳಿತಿದ್ದವು. ನನ್ನ ಕಾರಿನಂಥದೇ ಒಂದು, ಮುಂಭಾಗ ಜಜ್ಜಿಹೋದದ್ದು, ಕೆಳಗಿನ ಸಾಲಿನಲ್ಲಿತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನುಗ್ಗಿದೆ. ಗುಜರಿಯವನು ದಂಗಾಗಿ ನಿಂತಿದ್ದ. ಬಿಲ್ಲೆ ನಾನೇ ತಿರುಗಿಸಿ ತೆಗೆದೆ. ಪ್ಯಾಕಿಂಗ್ ಸಿಕ್ಕಿತು, ಆದರೆ ಬಿಸಿಲಿಗೆ ಒಣಗಿ ಖಡಕ್ ರೊಟ್ಟಿಯಾಗಿತ್ತು. ಬೆರಳಿನಿಂದ ಬಗ್ಗಿಸಿದರೆ ಲಟಕ್. ಮೂರು ಬಸ್ಸು ಬದಲಿಸಿ ಬರಿಗೈಯಲ್ಲಿ ಮನೆಗೆ ಬಂದೆ.

ಮಿಸ್ತ್ರಿ ಊರಿಗೆ ಹೊರಡಲು ಬ್ಯಾಗು ತುಂಬುತ್ತಿದ್ದ. ನನ್ನ ಮುಖ ನೋಡಿದ. "ಒಂದು ಕೆಲಸ ಮಾಡೋಣು. ಟ್ರಕ್ಕಿನ ಟ್ಯೂಬ್ ಕತ್ತರಿಸಿ ಹಾಕೋಣು. ಆದರ ಇದು ಚವತಿ ದಾಟಸಾಕ ಅಷ್ಟ. ಟ್ಯೂಬಿನ ರಬ್ಬರ್ ಡೀಸೆಲಿಗೆ ತಡಿಯಂಗಿಲ್ಲ ವೈನಿ, ಹೇಳಿರ್ತೀನಿ."

ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬು ತಂದೆ. ಹೊರಗಿನ ಅಂಚಿನ ಅಳತೆಗೆ ನನ್ನ ಊಟದ ಡಬ್ಬಿಯ ಮುಚ್ಚಳ, ಒಳಗಿನ ಅಂಚಿಗೆ ಪಲ್ಯದ ಬಟ್ಟಲು. ಸೀಮೆಸುಣ್ಣದಲ್ಲಿ ಗೀಟೆಳೆದು ಬ್ಲೇಡಿನಿಂದ ಕತ್ತರಿಸಿದೆ. ಒಂದು ಪದರ ತೆಳುವಾಯಿತು, ಎರಡು ಪದರ ಇಟ್ಟೆವು. ಬಿಲ್ಲೆ ಬಿಗಿದು, ಟ್ಯಾಂಕ್ ತುಂಬಿಸಿ, ಏರು ಹತ್ತಿಳಿದು ಬಂದೆವು. ಬೆರಳು ಆಡಿಸಿದರೆ ಒಂದು ಹನಿಯಿಲ್ಲ. ಡಬ್ಬಿಯ ಮುಚ್ಚಳದಿಂದ ಕಾರು ರಿಪೇರಿ ಮಾಡಿದವಳು ಗೋವೆಯಲ್ಲಿ ಇನ್ನೊಬ್ಬಳಿಲ್ಲ ಎಂದು ಫೋನಿನಲ್ಲಿ ನಮ್ಮ ಮನೆಯವರಿಗೆ ಜಂಬ ಕೊಚ್ಚಿದೆ.

ಚವತಿ ಮುಗಿಯಿತು. ಗಾಡಿ ಒಂದು ದಿನವೂ ಕೈ ಕೊಡಲಿಲ್ಲ. ಪಣಜಿಯ ಅಂಗಡಿಯವನು ತಾನಾಗಿಯೇ ಫೋನ್ ಮಾಡಿದ. "ತುಜೆಂ ಪ್ಯಾಕಿಂಗ್ ಆಯಲಾಂ, ವ್ಹರ್ ಗೋ ಬಾಯ್." ಬಂದಿದೆ, ಒಯ್ಯಿ ಎಂದು. ಮುಂದಿನ ವಾರ ಬರುತ್ತೇನೆ ಎಂದೆ. ಆ ವಾರ ಹಿಟ್ಟಿನ ಗಿರಣಿ ಕೆಟ್ಟಿತ್ತು, ಅದರ ಮುಂದಿನ ವಾರ ನನ್ನ ಜೊತೆ ರೊಟ್ಟಿ ಬಡಿಯುವ ನೆಗೆಣ್ಣಿಗೆ ಜ್ವರ. ಇವೆಲ್ಲ ನೆಪಗಳು. ಖರೇ ಹೇಳಬೇಕೆಂದರೆ, ನಡೆಯುತ್ತಿದೆಯಲ್ಲ, ಯಾಕೆ ಬಿಚ್ಚಬೇಕು ಎಂದು ನಾನೇ ತೀರ್ಮಾನಿಸಿದ್ದೆ. ಮಿಸ್ತ್ರಿ ಊರಿನಿಂದ ಬಂದವನು ಹೊಸ ಪ್ಯಾಕಿಂಗ್ ತಂದಿರೇನು ಎಂದು ಒಮ್ಮೆ ಕೇಳಿದ. "ನಿನಗ ಬ್ಯಾರೆ ಗಿರಾಕಿ ಇಲ್ಲೇನು?" ಎಂದು ಅವನ ಬಾಯಿ ಮುಚ್ಚಿಸಿದೆ.

ನೆಗೆಣ್ಣಿ ಒಂದು ಬೆಳಿಗ್ಗೆ ಬುಟ್ಟಿಗೆ ರೊಟ್ಟಿ ತುಂಬಲು ಗಾಡಿಯೊಳಗೆ ಬಗ್ಗಿದವಳು ಮೂಗು ಮುರಿದಳು.

"ಅಕ್ಕಾ, ಗಾಡ್ಯಾಗ ಡೀಸೆಲ್ ವಾಸ್ನಿ ಬರಾಕತ್ತೈತಿ."

"ಡೀಸೆಲ್ ಗಾಡ್ಯಾಗ ಮಲ್ಲಿಗಿ ವಾಸ್ನಿ ಬರ್ತೈತೇನ? ನಡಿ, ಹೊತ್ತಾತು."

ನನಗೆ ಏನೂ ವಾಸನೆ ಹತ್ತಿರಲಿಲ್ಲ. ದಿನವೂ ಬೆಳಿಗ್ಗೆ ಕೈಪಂಪು ಒತ್ತಿ, ಫಿಲ್ಟರಿನ ನೀರು ಬಿಟ್ಟು, ಆ ಕೈಯನ್ನು ಮೂರು ಸಲ ತೊಳೆದು ಒಲೆಯ ಮುಂದೆ ಕೂರುವವಳು ನಾನು. ನನ್ನ ಮೂಗಿಗೆ ಡೀಸೆಲ್ ಎಂದರೆ ಗಾಳಿ ಇದ್ದ ಹಾಗೆ. ಆದರೂ ಅವಳ ಸಮಾಧಾನಕ್ಕೆ ಗಾಡಿಯಲ್ಲಿ ಒಂದು ಊದಿನಕಡ್ಡಿ ಹಚ್ಚಿಟ್ಟೆ. ಡೀಸೆಲ್ ಟ್ಯಾಂಕಿನ ಮೇಲೆ ಬೆಂಕಿ! ದೇವರು ದೊಡ್ಡವನು.

ಅದೇ ದಿನಗಳಲ್ಲಿ ಸೈಟಿನಲ್ಲಿ ಉಳ್ಳಾಗಡ್ಡಿ ಕೇಳುವುದು ಶುರುವಾಯಿತು.

ಕೆಲಸಗಾರರ ಮುಕಾದಮ ವಿಜಯಪುರದ ಕಡೆಯ ಹಿರಿಯ, ನಾನು ಅವರಿಗೆ ಕಾಕಾ ಎನ್ನುತ್ತೇನೆ. ಬಾಯಿ ಬಿಟ್ಟು ಏನನ್ನೂ ಕೇಳುವ ಮನುಷ್ಯರಲ್ಲ. ಅಂಥವರು ಒಂದು ದಿನ ಬಂದು ನಿಂತರು. "ತಂಗೆವ್ವ, ಹುಡುಗ್ರು ಉಳ್ಳಾಗಡ್ಡಿ ಸ್ವಲ್ಪ ಜಾಸ್ತಿ ಇಟ್ಟರ ಚಲೋ ಅಂತಾರ. ಆಗತೈತೇನ?"

"ಆಗದೇನ್ರಿ ಕಾಕಾ," ಎಂದೆ. ಮರುದಿನ ಒಂದು ಚೀಲ ಒಯ್ದೆ, ಎಲ್ಲ ಖಾಲಿ. ಆಮೇಲೆ ಶೇಂಗಾ ಚಟ್ನಿ ಇನ್ನಷ್ಟು ಕೇಳಿದರು. ಆಮೇಲೆ ಹಸಿಮೆಣಸಿನಕಾಯಿ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೆಗೆಣ್ಣಿಗೆ ಹೇಳಿದೆ, ನನ್ನ ಚಟ್ನಿಗೆ ಜನ ಮರುಳಾಗಿದ್ದಾರೆ ಎಂದು. ಓಣಿಯಲ್ಲಿ ಹೇಳಿದೆ. ಮಿಸ್ತ್ರಿಗೂ ಹೇಳಿದೆ, ಒಂದು ಡಬ್ಬಿ ಚಟ್ನಿಯನ್ನೂ ಕೊಟ್ಟೆ. ಉಣ್ಣುವವರ ನಡುವೆ ಅಡ್ಡಾಡುತ್ತ, "ಏನ್ರಪಾ, ಬರೇ ಚಟ್ನಿ ಉಳ್ಳಾಗಡ್ಡಿ ಮ್ಯಾಲ ಜೀವಾ ಹಿಡದೀರೇನು?" ಎಂದು ಚೇಷ್ಟೆ ಮಾಡಿದೆ. ಅವರು ತಲೆ ಬಗ್ಗಿಸಿ ನಕ್ಕರು. ಆ ನಗುವನ್ನು ಈಗ ನೆನೆದರೆ ಎಲ್ಲಿಯಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸುತ್ತದೆ.

ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಕೀಲಿ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಮತ್ತೇನಿಲ್ಲ. ಮಿಸ್ತ್ರಿ ಅದನ್ನು ಚಾರ್ಜಿಗೆ ಹಾಕಲು ಒಯ್ದ. ಹೊತ್ತು ಮೀರುತ್ತಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಟೆಂಪೋ ನಿಲ್ಲಿಸಿ, ಎಲ್ಲವನ್ನೂ ಅದರ ಹಿಂದೆ ಏರಿಸಿದೆವು. ಬುಟ್ಟಿ ಹೊರಗೆಳೆಯುವ ಗಡಿಬಿಡಿಯಲ್ಲಿ ನೆಗೆಣ್ಣಿ ನೋಡಿದಳು, ಗಾಡಿಯಲ್ಲೇ ಬಿಡುತ್ತಿದ್ದ ಆ ದೊಡ್ಡ ಬುಟ್ಟಿಯ ತಳದ ಬಿದಿರು ಸೀಳಿತ್ತು. ಅದನ್ನು ಮೂಲೆಗೆ ಸರಿಸಿ, ಮನೆಯಲ್ಲಿದ್ದ ಎರಡು ಸಣ್ಣ ಬುಟ್ಟಿಗಳಿಗೆ ಅಷ್ಟೂ ರೊಟ್ಟಿ ತುಂಬಿದಳು. ನಾನು ಟೆಂಪೋದ ಡ್ರೈವರ್ ಪಕ್ಕ ಕುಳಿತೆ. ಬಿಡುವಿಗೆ ಸರಿಯಾಗಿ ಮುಟ್ಟಿದೆವು.

ದಿನದಷ್ಟೇ ರೊಟ್ಟಿ ಒಯ್ದಿದ್ದರೂ ಆವತ್ತು ಸಾಲಲಿಲ್ಲ. ಇನ್ನೂ ಅರ್ಧ ಜನ ಕೈ ಚಾಚುತ್ತಿದ್ದಾರೆ, ಬುಟ್ಟಿಯ ತಳ ಕಾಣುತ್ತಿದೆ. ಉಳ್ಳಾಗಡ್ಡಿಯ ಚೀಲ ಮಾತ್ರ ಬಾಯಿ ಕಟ್ಟಿದ್ದು ಕಟ್ಟಿದ ಹಾಗೆಯೇ ಇತ್ತು.

"ಏನ್ರಿ ಇವತ್ತು? ಉಳ್ಳಾಗಡ್ಡಿ ಯಾರೂ ಮುಟ್ಟೇ ಇಲ್ಲ. ಬ್ಯಾಸರ ಬಂತೇನು?"

ಬಾಗಲಕೋಟೆ ಕಡೆಯ ಒಬ್ಬ ಹೆಣ್ಣುಮಗಳು, ಬುಟ್ಟಿಯಲ್ಲಿ ಮಣ್ಣು ಹೊರುವವಳು, ಬಾಯ ತುಂಬ ರೊಟ್ಟಿ ಇಟ್ಟುಕೊಂಡೇ ಹೇಳಿಬಿಟ್ಟಳು. "ಇವತ್ತ ರೊಟ್ಟಿಗೆ ಡೀಸೆಲ್ ವಾಸ್ನಿ ಇಲ್ಲಲ್ರಿ ಅಕ್ಕಾರ. ಅದಕ್ಕ ಬೇಕಾಗಲಿಲ್ಲ."

ಕಾಕಾ ಅವಳನ್ನು ಎಂಥ ನೋಟ ನೋಡಿದರೆಂದರೆ ಅವಳು ಅಲ್ಲಿಂದ ಎದ್ದು ನೀರಿನ ಡ್ರಮ್ಮಿನ ಕಡೆ ಹೋದಳು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಂದೊಂದಾಗಿ ಅರ್ಥವಾಗತೊಡಗಿತು. ಉಳ್ಳಾಗಡ್ಡಿ. ಚಟ್ನಿ. ಹಸಿಮೆಣಸಿನಕಾಯಿ. ಕೈಯಲ್ಲಿದ್ದ ಸೌಟು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಯಾವಾಗಿಂದ್ರಿ ಕಾಕಾ?"

"ಬಿಡು ತಂಗೆವ್ವ, ಅಕಿ ಏನೋ ಅಂತಾಳ."

"ಕಾಕಾ, ನನ್ನಾಣಿ ಹೇಳ್ರಿ."

ಅವರು ಬೇರೆ ಕಡೆ ನೋಡುತ್ತ ಹೇಳಿದರು. "ಚವತಿ ಆದಮ್ಯಾಲೆ ಸುರು ಆತು. ಮೊದಲ ಸ್ವಲ್ಪ ಇತ್ತು. ಆಮ್ಯಾಲ ಜಾಸ್ತಿ ಆತು. ಹೊಟ್ಟಿಗೇನೂ ಆಗಿಲ್ಲ ಬಿಡು."

"ಮತ್ತ ಹೇಳೂದಲ್ಲೇನ್ರಿ? ಒಂದು ಮಾತು!"

"ತಾಟಿನ ಮುಂದ ಕುಂತು ಅನ್ನಕ್ಕ ಹೆಸರಿಟ್ಟು ಹೆಂಗ ಕುಂದು ಹೇಳೂದವ್ವ? ನಮ್ಮ ಮನ್ಯಾಗ ಹಂಗ ಕಲಿಸಿಲ್ಲ." ತಾಟು ಪಕ್ಕಕ್ಕೆ ಸರಿಸಿದರು. "ಮತ್ತ, ಆ ಗಾಡಿ ಸಲುವಾಗಿ ನೀ ಪಣಜಿ ಮಡಗಾಂವ್ ಅಂತ ಓಡ್ಯಾಡೂದು ನೋಡೀವಿ. ಕೈಯೆಲ್ಲಾ ಕರ್ರಗ ಮಾಡ್ಕೊಂಡು ಬರತಿದ್ದಿ. ಹೇಳಿದ್ರ ಗಾಡಿ ನಿಲ್ಲಸತಿ. ಗಾಡಿ ನಿಂತ್ರ ಆ ಕ್ಯಾಂಟೀನ್ಯಾಂವ ಬರ್ತಾನ. ವಾಸ್ನಿ ಇದ್ರೂ ರೊಟ್ಟಿ ರೊಟ್ಟಿನ ಅಲ್ಲೇನ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ನಾನೂ ನಾಲ್ಕು ಮಾತು ಕೊಡುವವಳೇ. ಆದರೆ ಚವತಿ ಮುಗಿದಾಗಿನಿಂದ ಇಷ್ಟು ಜನ ಡೀಸೆಲ್ ರೊಟ್ಟಿ ತಿಂದು, ನಾನು ಜಂಬ ಪಟ್ಟಾಗ ನಕ್ಕು, ನನ್ನ ಮುಖ ಉಳಿಸಿದ್ದರು. ತಪ್ಪಾಯಿತು ಎನ್ನಬೇಕಿತ್ತು. ಪಾತ್ರೆ ಎತ್ತಿಕೊಂಡು ಟೆಂಪೋ ಹತ್ತಿದೆ.

ಮನೆಗೆ ಬಂದವಳೇ ಒಂದು ಕೆಲಸ ಮಾಡಿದೆ. ನೆಗೆಣ್ಣಿ ಉಳಿಸಿದ್ದ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಆ ದೊಡ್ಡ ಬುಟ್ಟಿಯಲ್ಲಿ ಹಾಕಿ, ಗಾಡಿಯಲ್ಲಿ ಅದರ ಜಾಗದಲ್ಲಿ ಇಟ್ಟು ಬಾಗಿಲು ಹಾಕಿದೆ. ಬೆಳಿಗ್ಗೆ ರೊಟ್ಟಿ ಬೇಯುವುದರಿಂದ ಮಧ್ಯಾಹ್ನ ಬಡಿಸುವವರೆಗೆ ಎಷ್ಟು ಹೊತ್ತು ಇರುತ್ತಿತ್ತೋ ಅಷ್ಟು ಹೊತ್ತು ಬಿಟ್ಟೆ. ಆಮೇಲೆ ಅಂಗಳದ ಕಟ್ಟೆಯ ಮೇಲೆ ಕುಳಿತು ಒಂದು ತುಂಡು ಬಾಯಿಗೆ ಹಾಕಿದೆ.

ನುಂಗಲಾಗಲಿಲ್ಲ. ವಾಸನೆ ಗಂಟಲವರೆಗೆ ಏರಿತು. ನೀರು ಕುಡಿದರೂ ನಾಲಿಗೆಯ ಮೇಲೆ ಉಳಿಯಿತು. ಆಗ ಹೊಳೆಯಿತು: ಖಾನಾವಳಿ ಶುರುವಾದಂದಿನಿಂದ ಆ ಬುಟ್ಟಿಯ ರೊಟ್ಟಿಯನ್ನು ನಾನು ಒಮ್ಮೆಯೂ ತಿಂದವಳಲ್ಲ. ನನ್ನ ಊಟ ಯಾವಾಗಲೂ ಮನೆಯಲ್ಲಿ, ತವೆಯಿಂದ ಇಳಿದ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಗಾಡಿಯ ಎಂಜಿನ್ ಸದ್ದು ಒಂದಿಷ್ಟು ಬದಲಾದರೆ ರಸ್ತೆಯಲ್ಲೇ ನಿಲ್ಲಿಸಿ ಕಿವಿಗೊಡುವವಳು, ಊಟ ಹೇಗಿದೆ ಎಂದು ಬಾಯಲ್ಲಿಟ್ಟು ನೋಡಿರಲಿಲ್ಲ.

ಮಿಸ್ತ್ರಿಯನ್ನು ಕರೆದು ಬಿಲ್ಲೆ ತೆರೆಸಿದೆ. ಟ್ಯೂಬಿನ ಪ್ಯಾಕಿಂಗ್ ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಎರಡು ಪದರ ಒಂದರಿಂದೊಂದು ಜಾರಿ, ಒಂದು ಮಗ್ಗುಲು ಬಾಯಿ ಬಿಟ್ಟಿತ್ತು. ಹನಿ ಸುರಿಯುವಷ್ಟು ದೊಡ್ಡ ಸಂದಲ್ಲ. ಹಬೆ ಏರಲು ಅಷ್ಟು ಸಾಕು, ನೇರವಾಗಿ ಬುಟ್ಟಿಯ ತಳಕ್ಕೆ. ಮಿಸ್ತ್ರಿ ನನ್ನ ಕಡೆ ನೋಡಿದ. ಹೇಳಿದ್ದೆನಲ್ಲ ಎನ್ನಲಿಲ್ಲ, ಅದೊಂದು ಪುಣ್ಯ.

ಪಣಜಿಗೆ ಫೋನ್ ಮಾಡಿದೆ. ಅಂಗಡಿಯವನು ಕಾದೂ ಕಾದು ಆ ಪ್ಯಾಕಿಂಗನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ತಪ್ಪು ಅವನದಲ್ಲ.

"ಇನ್ನೊಮ್ಮೆ ಟ್ಯೂಬ್ ಹಾಕಿ ಒಂದು ವಾರ..." ಎಂದ ಮಿಸ್ತ್ರಿ.

"ಬ್ಯಾಡ. ಸರಿಯಾದ್ದು ಸಿಗೂತನಕ ಗಾಡಿ ಹೊರಗ ತಗಿಯಂಗಿಲ್ಲ. ಕಾಂಟ್ರ್ಯಾಕ್ಟರ್ ಬಿಡಿಸಿದ್ರ ಬಿಡಿಸ್ಲಿ."

ಮರುದಿನವೂ ಅದೇ ಟೆಂಪೋ. ಸಿಗುವ ಹೊತ್ತಿಗೆ ಸಿಗುವ ಗಾಡಿ ಅದು, ತಡವಾಗಿಯೇ ಮುಟ್ಟಿದೆ. ಕಾಂಟ್ರ್ಯಾಕ್ಟರ್ ಗೇಟಿನಲ್ಲಿ ನಿಂತು ಗಡಿಯಾರ ತೋರಿಸಿದ. ಕಾಕಾ ನಡುವೆ ಬಂದು, ಕಾಂಕ್ರೀಟ್ ಮುಗಿಸಿ ಉಣ್ಣೋಣ ಎಂದು ತಾವೇ ಬಿಡುವನ್ನು ಮುಂದಕ್ಕೆ ಹಾಕಿದ್ದಾಗಿ ಹೇಳಿದರು. ಅದು ಸುಳ್ಳು. ನನಗಾಗಿ ಹೇಳಿದ ಸುಳ್ಳು. ಅವರ ಮುಖ ನೋಡದೆ ಬಡಿಸಿದೆ.

ವಾಪಸು ಬರುವಾಗ ಟೆಂಪೋದವನು ತನ್ನ ಯಾವುದೋ ಕೆಲಸಕ್ಕೆ ಒಂದು ಅಂಗಡಿಯ ಮುಂದೆ ನಿಲ್ಲಿಸಿದ. ಗಣಿಯ ಯಂತ್ರಗಳಿಗೆ ಎಣ್ಣೆ ಪೈಪು ಮಾಡಿಕೊಡುವ ಅಂಗಡಿ, ನಮ್ಮ ಉಸಗಾಂವದ್ದೇ. ದಿನವೂ ಅದರ ಮುಂದೆ ಗಾಡಿ ಓಡಿಸಿಕೊಂಡು ಹೋಗುವವಳು, ಒಂದು ದಿನವೂ ಒಳಗೆ ಕಣ್ಣು ಹಾಯಿಸಿರಲಿಲ್ಲ. ಗೋಡೆಯ ಮೊಳೆಗಳ ಮೇಲೆ ಕಪ್ಪು ರಬ್ಬರ್ ಉಂಗುರಗಳು ಬಳೆಗಾರನ ಅಂಗಡಿಯ ಹಾಗೆ ಸಾಲಾಗಿ ತೂಗುತ್ತಿದ್ದವು. ಟೆಂಪೋದಿಂದ ಇಳಿದು ಹೋದೆ. ಡೀಸೆಲಿನಲ್ಲಿ ಉಬ್ಬದ ರಬ್ಬರ್ ಬೇಕು ಎಂದು ಹಿಂದಿಯಲ್ಲಿ ಹೇಳಿದೆ. ಯಂತ್ರಗಳ ಸೀಲುಗಳೆಲ್ಲ ಎಣ್ಣೆಯಲ್ಲೇ ಮುಳುಗಿರುತ್ತವೆ, ಇಲ್ಲಿರುವುದೆಲ್ಲ ಅಂಥದ್ದೇ ಎಂದರು ಅಂಗಡಿಯವರು. ಮನೆಗೆ ಓಡಿ ಬಿಲ್ಲೆಯನ್ನೇ ಎತ್ತಿಕೊಂಡು ಬಂದೆ. ಸರಿಯಾದ ದಪ್ಪದ ರಬ್ಬರ್ ದಾರ ಆರಿಸಿ, ಸುತ್ತಳತೆಗೆ ಕತ್ತರಿಸಿ, ತುದಿಗಳನ್ನು ಅಂಟಿಸಿ ಉಂಗುರ ಮಾಡಿಕೊಟ್ಟರು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಇದಕ್ಕಾಗಿ ನಾನು ಪಣಜಿ, ಮಡಗಾಂವ್ ಸುತ್ತಿದ್ದೆ.

ಮಿಸ್ತ್ರಿಯೂ ನಾನೂ ಸೇರಿ ಅವಸರವಿಲ್ಲದೆ ಕೂರಿಸಿದೆವು, ಚಾರ್ಜಾದ ಬ್ಯಾಟರಿಯನ್ನೂ ಹಾಕಿದೆವು. ಟ್ಯಾಂಕ್ ತುಂಬಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಿಲ್ಲೆಯ ಸುತ್ತ ಹಿಟ್ಟು ಉದುರಿಸಿ ನೋಡಿದೆ. ಹಿಟ್ಟು ಒಣಗಿಯೇ ಇತ್ತು. ಗಾಡಿಯ ನೆಲವನ್ನು ಸೋಪಿನ ನೀರಿನಿಂದ ತೊಳೆದು, ನಾಲ್ಕೂ ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿದೆ. ಅಟ್ಟದಿಂದ ಸೀಟಿನ ಗಾದಿ ಇಳಿಸಿ ಮತ್ತೆ ಅದರ ಜಾಗದಲ್ಲಿ ಹಾಕಿದೆ. ನೆಗೆಣ್ಣಿ ರೊಟ್ಟಿ ಕಟ್ಟುವ ಬಟ್ಟೆಗಳನ್ನು ಕುದಿಸಿ ಒಗೆದಳು. ದೊಡ್ಡ ಬುಟ್ಟಿಯ ಸೀಳನ್ನು ದಾರದಿಂದ ಹೊಲಿದು, ತಿಕ್ಕಿ ತೊಳೆದು, ಒಣಗಿಸಿ ಕೊಟ್ಟಳು. ಬುಟ್ಟಿಯನ್ನು ಗಾದಿಯ ಮೇಲೆ ಎತ್ತಿ ಇಟ್ಟೆ.

ಮರುದಿನ ಅದೇ ಗಾಡಿಯಲ್ಲಿ ಊಟ ಒಯ್ದು ಬಡಿಸಿದ ಮೇಲೆ ನಾನು ಹೊರಡಲಿಲ್ಲ. ಒಂದು ತಾಟು ತೆಗೆದುಕೊಂಡು, ಬುಟ್ಟಿಯ ತಳದ ರೊಟ್ಟಿಯನ್ನೇ ಆರಿಸಿ ಹಾಕಿಕೊಂಡು, ಇಟ್ಟಿಗೆಯ ಸಾಲಿನ ಪಕ್ಕ ಕಾಕಾರ ಎದುರು ನೆಲದ ಮೇಲೆ ಕುಳಿತೆ. ಗದ್ದಲ ನಿಂತಿತು. ಎಲ್ಲರೂ ನನ್ನ ತಾಟನ್ನೇ ನೋಡುತ್ತಿದ್ದರು.

"ಕಾಕಾ, ನನ್ನಿಂದ ಭಾಳ ತಪ್ಪಾತ್ರಿ," ಎಂದೆ. ಇದನ್ನು ಹೇಳಲು ಏರಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ಉಣ್ಣು ತಂಗೆವ್ವ. ಆರಿ ಹೋಗತೈತಿ."

"ವಾಸ್ನಿ ಹೋಗೈತೇನ್ರಿ ಈಗ?"

"ಏನೂ ಇಲ್ಲ," ಎಂದರು ಕಾಕಾ. "ಏನೂ ಇಲ್ರಿ ಅಕ್ಕಾರ," ಎಂದು ಸುತ್ತ ಕುಳಿತವರೂ ಹೇಳಿದರು. ಆ ಬಾಗಲಕೋಟೆಯ ಹೆಣ್ಣುಮಗಳು ಎಲ್ಲರಿಗಿಂತ ಜೋರಾಗಿ ಹೇಳಿದಳು.

ರೊಟ್ಟಿ ಮುರಿದೆ. ಬಾಯ ಹತ್ತಿರ ತಂದಾಗ ಬಂತು, ತೆಳ್ಳಗೆ, ಎಲ್ಲೋ ದೂರದಿಂದ ಬಂದ ಹಾಗೆ. ಪ್ಯಾಕಿಂಗ್ ಬದಲಾಗಿತ್ತು, ಬಟ್ಟೆ ಕುದಿಸಿದ್ದೆವು, ಆದರೆ ಬುಟ್ಟಿ ಅದೇ. ಅಷ್ಟು ದಿನ ಡೀಸೆಲ್ ಹಬೆ ಕುಡಿದ ಬಿದಿರು ಅದು. ಕೈ ಅಲ್ಲೇ ನಿಂತಿತು. ಇಷ್ಟು ಜನ ಇನ್ನೂ ನನ್ನ ಮುಖ ಉಳಿಸುತ್ತಿದ್ದರು.

ಕಾಕಾ ತಮ್ಮ ಪಾಲಿನ ಉಳ್ಳಾಗಡ್ಡಿಯನ್ನು ಇಟ್ಟಿಗೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದರು. ಅರ್ಧವನ್ನು ನನ್ನ ತಾಟಿನಲ್ಲಿ ಇಟ್ಟರು. ನಾನು ತಲೆ ಎತ್ತಲಿಲ್ಲ. ಉಳ್ಳಾಗಡ್ಡಿ ಕಚ್ಚಿಕೊಂಡು ಆ ರೊಟ್ಟಿಯನ್ನು ಪೂರ್ತಿ ತಿಂದು ಮುಗಿಸಿದೆ.